ಮರಳ ಮೇಲಿನ ಅಕ್ಷರದಿಂದ ನಲಿ-ಕಲಿ ಏಣಿಯವರೆಗೆ

ನವಲಗುಂದದ ಎರೆ ಸೀಮೆಯ ಹಳ್ಳಿಯಿರಲಿ, ಕಲಘಟಗಿಯ ಮಲೆನಾಡ ಸೆರಗಿನ ಊರಿರಲಿ, ಸರ್ಕಾರಿ ಕನ್ನಡ ಶಾಲೆಯ ಒಂದನೇ ತರಗತಿಯ ಬಗ್ಗೆ ಪಾಲಕರಿಂದ ಕೇಳಿಬರುವ ದೂರು ಒಂದೇ: 'ಸಾಲ್ಯಾಗ ಬರೇ ಆಟ ಆಡಸ್ತಾರ, ಓದೂದು ಬರಿಯೂದು ಯಾವಾಗ ಕಲಸ್ತಾರ?' ಮಕ್ಕಳು ನೆಲದ ಮೇಲೆ ಗುಂಪಾಗಿ ಕುಳಿತಿರುತ್ತಾರೆ. ಕೈಯಲ್ಲಿ ಬಣ್ಣದ ಕಾರ್ಡು, ಮುಂದೆ ಹುಣಸೆ ಬೀಜ, ತಲೆಯ ಮೇಲೆ ದಾರಕ್ಕೆ ತೂಗುಬಿಟ್ಟ ಚಿತ್ರಗಳು. ಮಗ್ಗಿಯ ಒಕ್ಕೊರಲಿನ ರಾಗವಿಲ್ಲ, ಬೆತ್ತವೂ ಇಲ್ಲ. ತಾವು ಕಲಿತ ಶಾಲೆಗೂ ಇದಕ್ಕೂ ಹೋಲಿಕೆಯೇ ಕಾಣದ ತಂದೆ-ತಾಯಿ, ಸಾಲ ಮಾಡಿಯಾದರೂ ಮಗುವನ್ನು ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ವಾಹನ ಹತ್ತಿಸುತ್ತಾರೆ.

ಆಟದ ಮೂಲಕ ಪಾಠ ಎಂಬುದು ಹೊರಗಿನಿಂದ ಬಂದ ಹೊಸ ಪ್ರಯೋಗ ಎಂಬುದೇ ಈ ದೂರಿನ ಹಿಂದಿರುವ ನಂಬಿಕೆ. ಆದರೆ ಈ ಸೀಮೆಯ ಶಾಲೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಮರಳು, ಕಾಳು, ಬಳಪ, ಜೊತೆಗಾರನಿಂದ ಕಲಿಯುವ ಪಾಠ ಇವೆಲ್ಲ ಇಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಇದ್ದವು. ಆಗ ಇಲ್ಲದಿದ್ದವು ಬೇರೆ ಕೆಲವು.

ಕೂಲಿಮಠದ ಕೋಣೆ

ಸರ್ಕಾರಿ ಶಾಲೆಗಳು ಬರುವ ಮುನ್ನ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದ್ದದ್ದು ಗಾಂವಠಿ ಶಾಲೆ. ಕೆಲವೆಡೆ ಅದನ್ನು ಕೂಲಿಮಠ ಎಂದೂ ಐಗಳ ಮಠ ಎಂದೂ ಕರೆಯುತ್ತಿದ್ದರು. ಗುಡಿಯ ಕಟ್ಟೆ, ಮಠದ ಪಡಸಾಲೆ ಅಥವಾ ಯಾರದಾದರೂ ಮನೆಯ ಅಂಗಳದಲ್ಲಿ ಅದು ನಡೆಯುತ್ತಿತ್ತು. ಅದು ಒಳಗಿನಿಂದ ಹೇಗಿತ್ತು ಎಂಬುದಕ್ಕೆ ಅಪರೂಪದ ದಾಖಲೆಯೊಂದು ನೆರೆಯ ಬಳ್ಳಾರಿಯಿಂದ ದೊರೆಯುತ್ತದೆ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಧರ್ಮಪಾಲ್ ಅವರು 1983ರಲ್ಲಿ ಪ್ರಕಟಿಸಿದ 'ದ ಬ್ಯೂಟಿಫುಲ್ ಟ್ರೀ' ಗ್ರಂಥದಲ್ಲಿ ಈ ವರದಿ ಅಚ್ಚಾಗಿದೆ.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಮರಾಠಿ, ಪಾರ್ಸಿ, ಸಂಸ್ಕೃತ ಮುಂತಾದವು. ಮಗುವಿಗೆ ಐದು ವರ್ಷ ತುಂಬಿದಾಗ ಅಕ್ಕಿಯ ಮೇಲೆ ಬೆರಳು ಹಿಡಿಸಿ ದೇವರ ಹೆಸರು ಬರೆಸುತ್ತಿದ್ದರು. ಇಂದಿನ ಅಕ್ಷರಾಭ್ಯಾಸದ ಶಾಸ್ತ್ರ ಅದೇ. ಶಾಲೆ ಸೇರಿದ ಮೇಲೆ ಮಗು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿತ್ತು. ಬಳಿಕ ಹಲಗೆ ಅಥವಾ ಕಡತ. ಬಟ್ಟೆಗೆ ಗಂಜಿ ಕೊಟ್ಟು, ಮಡಿಕೆ ಮಾಡಿ, ಇದ್ದಿಲು ಮತ್ತು ಅಂಟಿನ ಲೇಪ ಬಳಿದರೆ ಕಡತ ಸಿದ್ಧ. ಅದರ ಮೇಲೆ ಬಳಪದಿಂದ ಬರೆಯುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು, ಖರ್ಚು ಏನೂ ಇಲ್ಲ.

ಕ್ಯಾಂಪ್‌ಬೆಲ್ ಮೆಚ್ಚಿದ ಇನ್ನೊಂದು ಸಂಗತಿ ಎಂದರೆ ಮುಂದಿನ ಮಕ್ಕಳು ಹಿಂದಿನವರಿಗೆ ಕಲಿಸುತ್ತಿದ್ದ ಪದ್ಧತಿ. ಒಬ್ಬನೇ ಐಗಳು ಹಲವು ಮಟ್ಟದ ಮಕ್ಕಳನ್ನು ಸಂಭಾಳಿಸುತ್ತಿದ್ದುದು ಇದರಿಂದಲೇ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದು ಆತ ಬರೆದ. ಮದ್ರಾಸಿನ ಅನಾಥ ಬಾಲಕರ ಶಾಲೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ದೇಶೀ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನು ತಂದಿದ್ದ. ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿಯ ಬಗ್ಗೆ 1797ರಲ್ಲಿ ಲಂಡನ್ನಿನಲ್ಲಿ ಆತ ಪುಸ್ತಕ ಪ್ರಕಟಿಸಿದ ಮೇಲೆ 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಅಲ್ಲಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು.

ಸರಸ್ವತಿಯೂ ಕೋದಂಡವೂ

ಇಷ್ಟಕ್ಕೇ ನಿಲ್ಲಿಸಿದರೆ ಕೂಲಿಮಠ ಒಂದು ಸುಂದರ ಚಿತ್ರವಾಗುತ್ತದೆ. ವರದಿಯ ಉಳಿದ ಭಾಗವನ್ನೂ ಓದಬೇಕು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಅದು ಗೌರವ. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುತ್ತಿತ್ತು. ಸೋಮಾರಿ ಎನಿಸಿದವನ ಎರಡೂ ಕೈ ಕಟ್ಟಿ ರಾಟೆಯ ಹಗ್ಗದಿಂದ ಮಾಡಿಗೆ ತೂಗುಹಾಕುವುದೂ ಇತ್ತು. ನಮ್ಮ ಹಿರಿಯರ ಮಾತಿನಲ್ಲಿ ಅದು ಕೋದಂಡ.

ಎರಡನೆಯ ದೋಷ ಕಲಿಕೆಯದೇ. ಮಕ್ಕಳು ಲೆಕ್ಕವಿಲ್ಲದಷ್ಟು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು, ಆದರೆ ಅರ್ಥದ ವಿಷಯದಲ್ಲಿ ಅವರಿಗೂ ಗಿಣಿಗೂ ವ್ಯತ್ಯಾಸವಿರಲಿಲ್ಲ ಎಂಬುದು ಕ್ಯಾಂಪ್‌ಬೆಲ್‌ನ ತೀರ್ಮಾನ. ಪದ್ಯಗಳ ಭಾಷೆ ಮನೆಮಾತಿನಿಂದ ಬಹುದೂರ ಇದ್ದದ್ದೇ ಅದಕ್ಕೆ ಕಾರಣ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಸುಮಾರು 9 ಲಕ್ಷ 28 ಸಾವಿರ ಜನರಿದ್ದ ಆ ಜಿಲ್ಲೆಯಲ್ಲಿ ಶಾಲೆಗೆ ಹೋಗುತ್ತಿದ್ದವರು 6,641 ಮಕ್ಕಳು. ಸಾವಿರಕ್ಕೆ ಏಳು ಎಂದಿಟ್ಟುಕೊಳ್ಳಬಹುದು. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಎಲ್ಲರ ಮಗುವಿಗೂ ಕಲಿಸಬೇಕು ಎಂಬ ಪ್ರಶ್ನೆ ಆ ಐಗಳ ಮುಂದೆ ಬಂದಿರಲೇ ಇಲ್ಲ. ಇಂದಿನ ಒಂದನೇ ತರಗತಿಯ ಶಿಕ್ಷಕಿಯ ಮುಂದೆ ದಿನವೂ ಇರುವುದು ಅದೇ ಪ್ರಶ್ನೆ.

ಬಿನ್ನೆತ್ತೆ, ಅಂಕಲಿಪಿ, ದೀಡಕಿ

ಪೇಶ್ವೆಯರ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಧಾರವಾಡ ಬ್ರಿಟಿಷರ ವಶವಾಗಿ, ಮುಂದೆ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಂದಗೋಳ ಮಾತ್ರ ಜಮಖಂಡಿ ಸಂಸ್ಥಾನದಲ್ಲಿ ಉಳಿಯಿತು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯದೇ ಮೇಲುಗೈ. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಮರಾಠಿಯಲ್ಲಿ ಓದಲು ಕಲಿಯಬೇಕಾದ ಸ್ಥಿತಿ ಅದು. ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು 19ನೇ ಶತಮಾನದ ನಡುಗಾಲದಲ್ಲಿ ಊರೂರಿಗೆ ಕನ್ನಡ ಶಾಲೆ ತೆರೆಸಲು ಪಟ್ಟ ಪಾಡು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಭಾಷಾಭಿಮಾನದ ಜೊತೆಗೆ ಅದು ಕಲಿಕೆಯ ಪ್ರಶ್ನೆಯೂ ಆಗಿತ್ತು. ತಿಳಿದ ಮಾತನ್ನು ಅಕ್ಷರದಲ್ಲಿ ಗುರುತಿಸುವುದು ಮಗುವಿಗೆ ಸುಲಭ, ತಿಳಿಯದ ಮಾತನ್ನು ಗುರುತಿಸುವುದು ಗಿಣಿಪಾಠ.

ಮರಾಠಿಯ ಗುರುತು ಮಾತ್ರ ಬಹುಕಾಲ ಉಳಿಯಿತು. ತರಗತಿಗೆ ಇಯತ್ತೆ, ಒಂದನೆಯದಕ್ಕಿಂತ ಮೊದಲಿನದು ಬಿನ್ನೆತ್ತೆ. ಮಗುವಿನ ಮೊದಲ ಪುಸ್ತಕ ಅಂಕಲಿಪಿ, ಬರೆಯಲು ಪಾಟಿ. ಸಂಜೆ ಶಾಲೆ ಬಿಡುವ ಮುನ್ನ ಸಾಲಾಗಿ ನಿಂತು ಪಾವಕಿ, ನಿಮಕಿ, ಸವಾಯಿ, ದೀಡಕಿ, ಅಡೀಚಕಿ ಮಗ್ಗಿಗಳನ್ನು ಒಪ್ಪಿಸಬೇಕು. ಅಂದರೆ ಕಾಲು, ಅರ್ಧ, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳು.

ಇಷ್ಟು ಭಿನ್ನರಾಶಿ ಏಳೆಂಟು ವರ್ಷದ ಮಗುವಿಗೆ ಏಕೆ ಬೇಕಿತ್ತು? ಉತ್ತರ ಸಂತೆಯಲ್ಲಿದೆ. ರೂಪಾಯಿಗೆ 16 ಆಣೆ, ಕಾಲು ರೂಪಾಯಿಗೆ ಒಂದು ಪಾವಲಿ. ಸೇರಿನ ಕಾಲು ಭಾಗ ಪಾವು, ಹದಿನಾರನೆಯ ಭಾಗ ಚಟಾಕು. ಲೋಕದ ವ್ಯವಹಾರವೆಲ್ಲ ನಾಲ್ಕರ ಭಾಗದಲ್ಲಿ ನಡೆಯುತ್ತಿತ್ತು. ಭಿನ್ನರಾಶಿಯನ್ನು ಹತ್ತರಿಂದ ಭಾಗಿಸದೆ ನಾಲ್ಕರಿಂದ ಭಾಗಿಸುತ್ತ ಬಹುದೂರ ಒಯ್ಯುತ್ತಾರೆ ಎಂದು ಕ್ಯಾಂಪ್‌ಬೆಲ್ ಕೂಡ ಗುರುತಿಸಿದ್ದ. ದೀಡಕಿ ಬಂದವನಿಗೆ ಹತ್ತಿಯ ಅಡತಿ ಅಂಗಡಿಯಲ್ಲಿ ಮೋಸವಾಗುವುದು ಕಷ್ಟವಾಗಿತ್ತು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ಮರುವರ್ಷದಿಂದ ಕಿಲೋಗ್ರಾಂ ಮತ್ತು ಮೀಟರ್ ಹಂತಹಂತವಾಗಿ ಜಾರಿಯಾದವು. ನೂರು ಪೈಸೆಯ ರೂಪಾಯಿ, ಸಾವಿರ ಗ್ರಾಮಿನ ಕಿಲೋ ಬಂದ ಮೇಲೆ ಲೆಕ್ಕದ ಬುನಾದಿ ನಾಲ್ಕರಿಂದ ಹತ್ತಕ್ಕೆ ಸರಿಯಿತು. ದೀಡಕಿ ಮರೆತದ್ದಕ್ಕೆ ಇಂದಿನ ಮಕ್ಕಳ ಸೋಮಾರಿತನ ಕಾರಣವಲ್ಲ. ಅದನ್ನು ಬಳಸುವ ಸಂತೆಯೇ ಮಾಯವಾಯಿತು.

ತಕಲಿಯ ಪಾಠ

ಬಾಯಿಪಾಠಕ್ಕೆ ಬದಲಾಗಿ ಕೈಕೆಲಸ ಎಂಬ ಚಿಂತನೆ ಇಪ್ಪತ್ತನೇ ಶತಮಾನದ್ದು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿ ಆಟ ಮತ್ತು ಕಥೆಗಳ ಮೂಲಕ ಕಲಿಸಿದರು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮೂಲ ಶಿಕ್ಷಣದ ಯೋಜನೆ ಮುಂದಿಟ್ಟರು. ತಕಲಿ ಹಿಡಿದ ಮಗು ನೂಲಿನ ಸುತ್ತುಗಳನ್ನು ಎಣಿಸಬೇಕು, 640 ಸುತ್ತಿಗೆ ಒಂದು ಲಡಿ. ಎಣಿಕೆ, ಕೂಡಿಸುವುದು, ಭಾಗಿಸುವುದು ಎಲ್ಲವೂ ಕೈಯಲ್ಲಿದ್ದ ನೂಲಿನಲ್ಲೇ ನಡೆಯಬೇಕು. ಕಲ್ಪನೆ ದೊಡ್ಡದು. ಆದರೆ ಪಾಲಕರಿಗೆ ನೂಲುವುದು ವಿದ್ಯೆಯಂತೆ ಕಾಣಲಿಲ್ಲ, ಪರೀಕ್ಷೆ ಹಳೆಯದೇ ಉಳಿಯಿತು, ಕೈಕೆಲಸ ವಾರದ ಒಂದೆರಡು ಪಿರಿಯಡ್‌ಗೆ ಇಳಿಯಿತು. ಪಾಲಕರ ಒಪ್ಪಿಗೆ ಇಲ್ಲದೆ ಯಾವ ಪದ್ಧತಿಯೂ ನಿಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಐದು ಅಕ್ಷರಗಳ ಆಟ

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಕಾರ್ಡು ಪದ್ಧತಿಯನ್ನು ಕಂಡು ಬಂದರು. ಯುನಿಸೆಫ್ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಅದೇ ನಲಿ-ಕಲಿ. 2009-10ರಲ್ಲಿ ರಾಜ್ಯ ಸರ್ಕಾರ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗೆ ಅದನ್ನು ವಿಸ್ತರಿಸಿತು, ಮುಂದೆ 3ನೇ ತರಗತಿಯೂ ಸೇರಿತು.

ಇದರ ಒಳಗಿನ ಯುಕ್ತಿ ತಿಳಿಯಲು ಕನ್ನಡ ಅಕ್ಷರಮಾಲೆಯ ಗಾತ್ರ ಗಮನಿಸಬೇಕು. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಗಳಿಗೆ 15ರಂತೆ ಕಾಗುಣಿತ ಬರೆದರೆ 510 ರೂಪಗಳು, ಒತ್ತಕ್ಷರ ಬೇರೆ. 'ಅ ಆ ಇ ಈ' ಎಂದು ಆರಂಭಿಸಿದ ಮಗು ಬಹಳ ದಿನ ಅಕ್ಷರ ತಿದ್ದಿದರೂ ಒಂದು ಇಡೀ ಪದ ಓದುವ ಸಂತೋಷ ಕಾಣುವುದಿಲ್ಲ. ನಲಿ-ಕಲಿ ಈ ಕ್ರಮವನ್ನೇ ಬದಲಿಸಿತು. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭವಾದ ದುಂಡು ಅಕ್ಷರಗಳು ಇವು. ಈ ಐದೇ ಅಕ್ಷರಗಳಿಂದ ಸರ, ದರ, ರಸ, ಅರಸ, ಅಗಸ, ಗರಗಸ ಹೊರಡುತ್ತವೆ. ನಂತರ ಜ, ವ, ಮ, ಬ, ನ ಸೇರಿದರೆ ಮರ, ಜನ, ವನ, ಬಸವ. ಕಾಗುಣಿತದ ಗೋಡೆ ದಾಟುವ ಮೊದಲೇ ಮಗು ಓದುಗನಾಗಿರುತ್ತದೆ.

ಇಲ್ಲಿಂದ ಆಟ ಹುಟ್ಟುತ್ತದೆ. ನೆಲದ ಮೇಲೆ ಕುಂಟಾಬಿಲ್ಲೆಯ ಮನೆ ಬರೆದು ಒಂದೊಂದರಲ್ಲಿ ಒಂದೊಂದು ಅಕ್ಷರ ಬರೆಯುವುದು. ಶಿಕ್ಷಕಿ 'ಅರಸ' ಎಂದರೆ ಮಗು ಅ, ರ, ಸ ಮನೆಗಳಿಗೆ ಕ್ರಮವಾಗಿ ಜಿಗಿಯಬೇಕು. ಜಿಗಿದ ಮಗುವಿಗೆ ಪದದೊಳಗಿನ ಧ್ವನಿಗಳು ಬೇರೆ ಬೇರೆ ಎಂಬುದು ಕಾಲಿಗೇ ತಿಳಿಯುತ್ತದೆ. ಓದಿನ ಮೊದಲ ಗುಟ್ಟು ಅದೇ. ಮರಳ ತಟ್ಟೆಯಲ್ಲಿ ಬೆರಳಿಂದ ಬರೆಸುವ ಹಳೆಯ ಕ್ರಮ ಕೂಡ ಇಲ್ಲಿ ಹೊಂದುತ್ತದೆ.

ತರಗತಿಯಲ್ಲಿ ಐದು ಗುಂಪು, ಅಂದರೆ ಐದು ತಟ್ಟೆ. ಮೊದಲ ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ಣ ಬೆಂಬಲ, ಕೊನೆಯದಕ್ಕೆ ಸ್ವಕಲಿಕೆ, ನಡುವೆ ಸಹಪಾಠಿಗಳ ಬೆಂಬಲ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ಗುರುತಿಸಿಕೊಂಡು ಮುಂದಿನ ಕಾರ್ಡು ತೆಗೆದುಕೊಳ್ಳುತ್ತದೆ. ಕೂಲಿಮಠದ ಹಿರಿಯ ಹುಡುಗ ಕಿರಿಯನಿಗೆ ಹೇಳಿಕೊಡುತ್ತಿದ್ದುದರ ಹೊಸ ರೂಪ ಇದು. ಬರಗಾಲದಲ್ಲಿ ತಂದೆ-ತಾಯಿಯ ಜೊತೆ ಗುಳೆ ಹೋದ ಮಗು, ಹತ್ತಿ ಬಿಡಿಸುವ ದಿನಗಳಲ್ಲಿ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲುಳಿದ ಹುಡುಗಿ ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಇಡೀ ತರಗತಿ ಒಂದೇ ಪಾಠ ಓದುವ ಕ್ರಮದಲ್ಲಿ ಇಂಥ ಮಗುವಿಗೆ ಉಳಿಯುತ್ತಿದ್ದ ದಾರಿ ಶಾಲೆ ಬಿಡುವುದೊಂದೇ.

ಹತ್ತರ ಕಟ್ಟು

ಗಣಿತದಲ್ಲಿಯೂ ಇದೇ ಮಾತು. 23 ಎಂದು ಬರೆದಾಗ 2 ಎಂಬುದು ಎರಡಲ್ಲ, ಇಪ್ಪತ್ತು. ಇದು ತಿಳಿಯದ ಮಗು ಮುಂದೆ ಕೈಲಿ ತೆಗೆದುಕೊಳ್ಳುವ ಲೆಕ್ಕದಲ್ಲಿ ಎಡವುತ್ತದೆ. ಜೋಳದ ದಂಟಿನ ಕಡ್ಡಿಗಳನ್ನು ಹತ್ತರಂತೆ ಕಟ್ಟಿದರೆ ಎರಡು ಕಟ್ಟು, ಮೂರು ಬಿಡಿ. ಕಳೆಯುವಾಗ ಬಿಡಿ ಸಾಲದಿದ್ದರೆ ಒಂದು ಕಟ್ಟು ಬಿಚ್ಚುವುದು. 'ದಶಕದಿಂದ ಸಾಲ' ಎಂಬ ಮಾತು ಆಗ ಕಣ್ಣಿಗೆ ಕಾಣುತ್ತದೆ. ಕನ್ನಡದ ಎಣಿಕೆಯೂ ಇದಕ್ಕೆ ನೆರವಾಗುತ್ತದೆ. 'ಇಪ್ಪತ್ತಮೂರು' ಎಂಬ ಪದದಲ್ಲೇ ಇಪ್ಪತ್ತೂ ಮೂರೂ ಬಿಡಿಯಾಗಿ ಕೇಳುತ್ತವೆ. ನಾಲ್ಕು ಕವಡೆಗಳ ಚೌಕಾಬಾರದಲ್ಲಿ ಗರ ಎಣಿಸಿ 25 ಮನೆ ಸುತ್ತುವ ಮಗು ಕೂಡಿಸುವುದನ್ನು ಬೇಸರವಿಲ್ಲದೆ ನೂರು ಸಲ ಮಾಡುತ್ತದೆ. ನವಲಗುಂದದ ಜಮಖಾನೆಯಲ್ಲಿ ಪಗಡೆಯ ಹಾಸೇ ನೇಯ್ಗೆಯ ವಿನ್ಯಾಸವಾಗಿರುವಾಗ, ಚೌಕ ಮತ್ತು ಸಾಲುಗಳ ಪಾಠಕ್ಕೆ ಬೇರೆ ಚಿತ್ರ ಹುಡುಕಬೇಕಿಲ್ಲ. 4 ಮತ್ತು 5ನೇ ತರಗತಿಗೆ ಅಕ್ಷರ ಫೌಂಡೇಷನ್ ಸಹಯೋಗದ ಗಣಿತ ಕಲಿಕಾ ಆಂದೋಲನ ಕೊಟ್ಟ ಪೆಟ್ಟಿಗೆಯಲ್ಲಿರುವ ಮಣಿಚೌಕಟ್ಟು, ದಶಮಾನ ಬಿಲ್ಲೆಗಳು ಮಾಡುವುದೂ ಇದೇ ಕೆಲಸ.

ಹಾಗೆಂದು ಮಗ್ಗಿ ಬೇಡವೇ? ಬೇಕು. ಏಳು ಎಂಟಲಿ ಐವತ್ತಾರು ಎಂಬುದು ನಾಲಿಗೆಯ ತುದಿಯಲ್ಲಿದ್ದರೆ ಮನಸ್ಸು ಮುಂದಿನ ಹೆಜ್ಜೆಗೆ ಬಿಡುವಾಗುತ್ತದೆ. ಎಂಟೆಂಟು ಕಾಳಿನ ಏಳು ಸಾಲು ಹಾಕಿ ಎಣಿಸಿದ ಮೇಲೆ ಬಾಯಿಪಾಠ ಮಾಡಿದ ಮಗ್ಗಿ ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು ಎಂಬುದಷ್ಟೇ ವ್ಯತ್ಯಾಸ.

ಉಳಿದ ಪ್ರಶ್ನೆ

ಕಾರ್ಡು ಹರಿದರೆ ಬದಲು ಬರಬೇಕು, ಶಿಕ್ಷಕರಿಗೆ ತರಬೇತಿ ಸಿಗಬೇಕು, ಗಣತಿ ಮತ್ತು ಚುನಾವಣೆಯ ಕೆಲಸಕ್ಕೆ ಅವರನ್ನು ಎಳೆಯುವುದು ಕಡಿಮೆಯಾಗಬೇಕು. ಇವಿಲ್ಲದಿದ್ದರೆ ಆಟ ಬರೀ ಆಟವಾಗಿಯೇ ಉಳಿದು ಪಾಲಕರ ದೂರು ನಿಜವಾಗುತ್ತದೆ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು ಮತ್ತು ಲೆಕ್ಕದ ಬುನಾದಿ ಸಿಗಬೇಕೆಂಬ 'ನಿಪುಣ್ ಭಾರತ್' ಯೋಜನೆಯನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿ 2026-27ನ್ನು ಗಡುವಾಗಿ ಇಟ್ಟಿತು. ಗಡುವು ಕಾಗದದ ಮೇಲಿನದು. ಕೆಲಸ ನಡೆಯುವುದು ಮಾತ್ರ ಹಳ್ಳಿಯ ಆ ಒಂದು ಕೋಣೆಯಲ್ಲಿ.

ಪಾಲಕರು ಮಾಡಬಹುದಾದ ಪರೀಕ್ಷೆ ಸರಳವಾದುದು. ಸಂಜೆ ಮನೆಗೆ ಬಂದ ಮಗುವಿಗೆ ಬಸ್ಸಿನ ಬೋರ್ಡು, ಅಂಗಡಿಯ ಹಲಗೆ ಓದಿಸಿ. ಇಪ್ಪತ್ತು ರೂಪಾಯಿ ಕೊಟ್ಟು ಸಾಮಾನು ತರಿಸಿ ಚಿಲ್ಲರೆ ಕೇಳಿ. ಓದಿದರೆ, ಲೆಕ್ಕ ಕೊಟ್ಟರೆ, ಶಾಲೆಯಲ್ಲಿ ಅದು ಹಗಲೆಲ್ಲ ಆಡಿದ ಆಟ ವ್ಯರ್ಥವಾಗಿಲ್ಲ. ಓದದಿದ್ದರೆ ಶಾಲೆಗೆ ಹೋಗಿ ಕೇಳುವ ಹಕ್ಕು ಪಾಲಕರಿಗಿದೆ. ಸಾವಿರಕ್ಕೆ ಏಳು ಮಕ್ಕಳು ಕಲಿಯುತ್ತಿದ್ದ ಕಾಲದಲ್ಲಿ ಹಳ್ಳಿಯ ಕೂಲಿಕಾರನಿಗೆ ಆ ಹಕ್ಕು ಇರಲಿಲ್ಲ.