‘ಬಸವನಗುಡಿನೂ ಒಂದು ಕಾಲಕ್ಕೆ ಹಳ್ಳಿನೇ ಅಲ್ವಾ ಸಾರ್?’

ಮನೆ ಕೊಳ್ಳಬೇಕು ಅಂತ ಹೊರಟಾಗ ನಮ್ಮ ಮುಂದೆ ಎರಡು ದಾರಿ ಇದ್ದವು. ಒಂದು, ಬೆಂಗಳೂರಿನ ಗಾಂಧಿ ಬಜಾರಿನ ಹತ್ತಿರ ಮೂವತ್ತು ವರ್ಷದಷ್ಟು ಹಳೆಯ, ಎರಡು ಬೆಡ್‌ರೂಮಿನ ಫ್ಲ್ಯಾಟು. ಇನ್ನೊಂದು, ಸರ್ಜಾಪುರ ರಸ್ತೆಯಿಂದ ಒಳಗೆ, ಹಳ್ಳಿಯೊಂದರ ಅಂಚಿನಲ್ಲಿ 30x40 ಸೈಟು. ಸೈಟು ಕೊಂಡು ಮನೆ ಕಟ್ಟಿಸಿದರೂ, ಫ್ಲ್ಯಾಟು ಕೊಂಡರೂ ತಲೆ ಮೇಲೆ ಬರೋ ಸಾಲ ಹೆಚ್ಚೂಕಮ್ಮಿ ಒಂದೇ. ಇಪ್ಪತ್ತು ವರ್ಷದ ಇಎಂಐ.

ಅಮ್ಮ “ಊರ ಮಧ್ಯೆ ಇರ್ರಪ್ಪ, ಆಸ್ಪತ್ರೆ ಹತ್ರ ಇರುತ್ತೆ” ಅಂದರು. ಹೆಂಡತಿಗೆ ಸ್ವಂತ ನೆಲ, ಒಂದು ಕರಿಬೇವಿನ ಗಿಡ ಬೇಕಿತ್ತು. ನಾನು ಅನುಮಾನಿಸುತ್ತಿರುವುದನ್ನು ನೋಡಿ ಸೈಟು ತೋರಿಸಿದ ಬ್ರೋಕರ್ ಒಂದು ಮಾತು ಹೇಳಿದ: “ಬಸವನಗುಡಿನೂ ಒಂದು ಕಾಲಕ್ಕೆ ಹಳ್ಳಿನೇ ಅಲ್ವಾ ಸಾರ್? ಹತ್ತು ವರ್ಷ ಕಾಯಿರಿ, ಇದೇ ಸಿಟಿ ಆಗುತ್ತೆ.”

ಮಾತು ತಲೆಯಲ್ಲೇ ಕೂತುಬಿಟ್ಟಿತು. ಇವನು ಹೇಳಿದ್ದು ನಿಜವಾ? ಸಾಲಕ್ಕೆ ಸಹಿ ಹಾಕೋ ಮೊದಲು ಇದನ್ನು ತಿಳಿದುಕೊಳ್ಳಲೇಬೇಕು ಅನ್ನಿಸಿತು.

ಅರ್ಧ ನಿಜ. ಬಸವನಗುಡಿ ಇರುವ ಜಾಗ ಹಿಂದೆ ಸುಂಕೇನಹಳ್ಳಿ. ಸುತ್ತ ಗುಟ್ಟಹಳ್ಳಿ, ಮಾವಳ್ಳಿಯಂಥ ಊರುಗಳು, ಅವುಗಳ ನಡುವೆ ಕಡಲೆಕಾಯಿ ಹೊಲಗಳು. ಕಾರ್ತಿಕದ ಕೊನೆ ಸೋಮವಾರ ನಾವೆಲ್ಲ ಮಕ್ಕಳನ್ನು ಕರಕೊಂಡು ಹೋಗೋ ಪರಿಷೆ ಆ ರೈತರು ತಮ್ಮ ಬೆಳೆಯನ್ನು ಬಸವಣ್ಣನಿಗೆ ಒಪ್ಪಿಸುತ್ತಿದ್ದ ಹಬ್ಬ. ಹೊಲ ಹೋದವು, ಪರಿಷೆ ಉಳಿಯಿತು.

ಆಗ ‘ಊರು’ ಅಂದರೆ ಪೇಟೆ. 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿಸಿದ ಊರು. ಚಿಕ್ಕಪೇಟೆ, ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಗಾಣಿಗರಪೇಟೆ. ಮುಂದೆ ಅಂಗಡಿ, ಹಿಂದೆ ಇಲ್ಲವೇ ಮೇಲೆ ಮನೆ. ಇವತ್ತು ನಾವು ‘ವಾಕ್ ಟು ವರ್ಕ್’ ಅಂತ ದುಡ್ಡು ಕೊಟ್ಟು ಕೊಳ್ಳೋದು ಅವರಿಗೆ ಪುಕ್ಕಟೆ ಸಿಕ್ಕಿತ್ತು. ನೀರಿಗೆ ಬಾವಿ, ಧರ್ಮಾಂಬುಧಿ ಕೆರೆ, ಸಂಪಂಗಿ ಕೆರೆ. ಧರ್ಮಾಂಬುಧಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಈಗ ಕಂಠೀರವ ಸ್ಟೇಡಿಯಂ. 1890ರ ದಶಕದಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ ಹೆಸರಘಟ್ಟದಿಂದ ಕೊಳಾಯಿ ನೀರೂ ಬಂತು. ಇಷ್ಟೆಲ್ಲ ಬಿಟ್ಟು ಸುಂಕೇನಹಳ್ಳಿ ಹೊಲಕ್ಕೆ ಯಾರು ಹೋಗಿ ಮನೆ ಕಟ್ಟುತ್ತಾರೆ?

ಕಟ್ಟುವಂತೆ ಮಾಡಿದ್ದು ಪ್ಲೇಗು. 1898ರ ಆಗಸ್ಟಿನಲ್ಲಿ ಅದು ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂತು. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು, ಗಾಳಿ ಬೆಳಕಿಲ್ಲದ ಕೋಣೆಗಳು, ಪಕ್ಕದಲ್ಲೇ ದವಸದ ಮಂಡಿಗಳು, ಮಂಡಿ ತುಂಬ ಇಲಿಗಳು. ರೋಗಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇರೆ ಇರಲಿಲ್ಲ. ಸಾವಿರಾರು ಜನ ಸತ್ತರು. ಸೋಂಕು ತಗುಲಿದ ಮನೆಗಳನ್ನು ಖಾಲಿ ಮಾಡಿಸಿದರು. ಬೀಗ ಹಾಕಿಕೊಂಡು ಊರಾಚೆಯ ಬಯಲಲ್ಲಿ ಗುಡಿಸಲು ಹಾಕಿದವರು ಎಷ್ಟೋ ಜನ. ಊರಿನ ಅಲ್ಲಲ್ಲಿ ಇವತ್ತಿಗೂ ಇರುವ ಪ್ಲೇಗ್ ಮಾರಮ್ಮನ ಗುಡಿಗಳು ಆ ಭಯದ ಗುರುತು. ಅನುಕೂಲವೇ ಅನುಕೂಲ ಅಂದುಕೊಂಡಿದ್ದ ಊರ ಮಧ್ಯ ಒಂದೇ ಮಳೆಗಾಲದಲ್ಲಿ ಅಪಾಯದ ಜಾಗವಾಯಿತು.

ಇಲ್ಲೇ ಬ್ರೋಕರ್ ಬಿಟ್ಟುಬಿಟ್ಟ ಇನ್ನರ್ಧ ಇರೋದು. ಬಸವನಗುಡಿ, ಮಲ್ಲೇಶ್ವರಗಳ ಯೋಚನೆ ಪ್ಲೇಗಿಗಿಂತ ಮುಂಚಿನದು. ಚಾಮರಾಜಪೇಟೆ 1892ರಲ್ಲೇ ಶುರುವಾಗಿತ್ತು. ಪ್ಲೇಗು ಬಂದಮೇಲೆ ಎರಡು ಹೊಸ ಬಡಾವಣೆಗಳಿಗೂ ವೇಗ ಬಂತು. ಆದರೆ ಜನ ಮೊದಲು ಹೋಗಿ, ಊರು ಆಮೇಲೆ ತಾನಾಗಿ ಬೆಳೆದದ್ದಲ್ಲ. ಮೊದಲು ನಕ್ಷೆ ಬಂತು. ನೇರ ರಸ್ತೆ, ಅಡ್ಡ ರಸ್ತೆ, ಪಾರ್ಕಿಗೆ ಜಾಗ, ಮನೆ ಸುತ್ತ ಖಾಲಿ ಜಾಗ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಲೇನು. ಸೈಟು ಹಂಚಿದ್ದು ಆಮೇಲೆ.

ಅದು ಎಲ್ಲರಿಗೂ ಒಂದೇ ಥರ ಒಳ್ಳೇದಾಗಿತ್ತು ಅಂತ ಹೇಳೋಕಾಗಲ್ಲ. ಮಲ್ಲೇಶ್ವರದ ಬ್ಲಾಕುಗಳನ್ನು ಜಾತಿ, ಸಮುದಾಯ ನೋಡಿ ಹಂಚಿದ್ದರು. ಇವತ್ತು ‘ಹೆರಿಟೇಜ್ ವಾಕ್’ನಲ್ಲಿ ಫೋಟೋ ತೆಗೆಯೋ ಆ ಹಿತ್ತಿಲ ಲೇನುಗಳಲ್ಲಿ ಮಲ ಹೊತ್ತವರು ಓಡಾಡಿದ್ದಾರೆ. ಹೊಲ ಬಿಟ್ಟುಕೊಟ್ಟ ರೈತರ ಹೆಸರು ಯಾವ ರಸ್ತೆಗೂ ಬಂದ ಹಾಗೆ ಕಾಣೆ. ಆದರೂ ಒಂದು ಪಾಠ ಮಾತ್ರ ಸ್ಪಷ್ಟ: ಹಳ್ಳಿ ಊರಾದದ್ದು ಕಾಯುತ್ತ ಕೂತದ್ದರಿಂದಲ್ಲ, ಚರಂಡಿಯನ್ನು ಮೊದಲು ಯೋಚಿಸಿದ್ದರಿಂದ.

ಈ ಕ್ರಮ ಅರ್ಧ ಶತಮಾನ ಹಾಗೂ ಹೀಗೂ ನಡೆಯಿತು. 1945ರಲ್ಲಿ ನಗರಾಭಿವೃದ್ಧಿಗೆ ಅಂತಲೇ ಟ್ರಸ್ಟ್ ಬೋರ್ಡ್ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. “ಅಷ್ಟು ದೂರ ಯಾರು ಹೋಗ್ತಾರೆ, ರಾತ್ರಿ ನರಿ ಕೂಗುತ್ತೆ” ಅಂದುಕೊಂಡ ಕಥೆ ಬೆಂಗಳೂರಿನ ಎಷ್ಟೋ ಹಳೇ ಮನೆಗಳಲ್ಲಿ ಕೇಳಬಹುದು. ಹೆದರದೆ ಹೋದವರು ಗೆದ್ದರು. ಯಾಕಂದರೆ ಅಲ್ಲಿ ನರಿ ಕೂಗಿದರೂ ನೆಲದ ಮೇಲೆ ರಸ್ತೆಯ ಗೆರೆ ಬಿದ್ದಾಗಿತ್ತು.

ಆಮೇಲೆ ಊರು ಓಡಿತು, ನಕ್ಷೆ ಹಿಂದೆ ಬಿತ್ತು. 1976ರಲ್ಲಿ ಬಿಡಿಎ ಬಂದರೂ ಅದು ಹಂಚುತ್ತಿದ್ದ ಸೈಟು ಎಲ್ಲಿಗೂ ಸಾಲದು. ರೈತನ ಹೊಲವನ್ನೇ ತುಂಡು ಮಾಡಿ ಮಾರುವ ರೆವಿನ್ಯೂ ಸೈಟುಗಳು ಎಲ್ಲ ಕಡೆ ಎದ್ದವು. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆ ಜೊತೆಗೆ 110 ಹಳ್ಳಿಗಳು ಒಂದೇ ಏಟಿಗೆ ಬೆಂಗಳೂರು ಆದವು. ಕಾಗದದ ಮೇಲೆ ಅವು ಅವತ್ತೇ ಸಿಟಿ. ಆ ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ಐದನೇ ಹಂತದ ಯೋಜನೆ, ದಿನಕ್ಕೆ 77.5 ಕೋಟಿ ಲೀಟರ್ ನೀರಿನದು, ಉದ್ಘಾಟನೆಯಾಗಿದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ. ಬ್ರೋಕರ್ ಹೇಳಿದ ‘ಹತ್ತು ವರ್ಷ’ದ ಲೆಕ್ಕ ಇಷ್ಟು. ಅಷ್ಟೂ ವರ್ಷ ಬೋರ್‌ವೆಲ್ಲು, ಇಲ್ಲ ಟ್ಯಾಂಕರು. ಅದೇ 2024ರ ಬೇಸಿಗೆಯಲ್ಲಿ ಬೋರು ಬತ್ತಿ, ಟ್ಯಾಂಕರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2022ರ ಸೆಪ್ಟೆಂಬರ್ ನೆನಪಿದೆಯಾ? ಹೊರ ವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿ, ಲ್ಯಾಪ್‌ಟಾಪ್ ಬ್ಯಾಗು ಹಿಡಿದವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ. ನಾವೆಲ್ಲ ಮೀಮ್ ಮಾಡಿ ನಕ್ಕೆವು. ಆದರೆ ಅಲ್ಲಿನ ಹಳೇ ಊರುಗಳವರಿಗೆ ನೀರು ಎಲ್ಲಿ ಹರಿಯುತ್ತೆ ಅನ್ನೋದು ಗೊತ್ತಿಲ್ಲದ ವಿಷಯ ಆಗಿರಲಿಲ್ಲ. ಒಂದು ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ. ಹಳ್ಳಿಯ ಮನೆಗಳು ಎತ್ತರದ ಗ್ರಾಮಠಾಣದಲ್ಲಿ, ಗದ್ದೆ ತಗ್ಗಿನಲ್ಲಿ. ನಾವು ತಗ್ಗನ್ನು ಕೊಂಡೆವು.

ಹಾಗಾಗಿ ನಾನು ಮಾಡಿದ್ದು ಇಷ್ಟೇ. ಕಂದಾಯ ಇಲಾಖೆಯ ಜಾಲತಾಣದಿಂದ ಆ ಹಳ್ಳಿಯ ನಕ್ಷೆ ಇಳಿಸಿಕೊಂಡೆ. ಹಳೇ ನಕ್ಷೆ, ಒಂದೊಂದು ಸರ್ವೆ ನಂಬರಿಗೂ ಗೆರೆ. ಕೆರೆ, ಹಳ್ಳ, ಬಂಡಿದಾರಿ, ಎಲ್ಲ ಇದೆ. ನಮಗೆ ತೋರಿಸಿದ ಸರ್ವೆ ನಂಬರಿನ ಪಕ್ಕದಲ್ಲೇ ಒಂದು ಜೋಡಿ ಗೆರೆ ಕೆರೆ ಕಡೆಗೆ ಹೋಗಿತ್ತು. ಬ್ರೋಕರನ್ನು ಕೇಳಿದರೆ “ಅದು ಹಳೇ ದಾರಿ ಸಾರ್” ಅಂದ. ಒಬ್ಬನೇ ಮತ್ತೊಮ್ಮೆ ಹೋಗಿ, ಅರಳಿಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ನನ್ನ ಫೋನಿನಲ್ಲಿದ್ದ ನಕ್ಷೆ ನೋಡಲೇ ಇಲ್ಲ.

“ಮಳೆಗಾಲ್ದಾಗೆ ಬಂದು ನೋಡಿ ಸ್ವಾಮಿ” ಅಂದರು. “ನಾವು ಅಲ್ಲಿ ಭತ್ತ ಬೆಳೀತಿದ್ವಿ.”

ಆ ಸೈಟು ಬಿಟ್ಟೆವು. ಹಾಗಂತ ಗಾಂಧಿ ಬಜಾರಿನ ಫ್ಲ್ಯಾಟಿಗೆ ಕಣ್ಣು ಮುಚ್ಚಿ ಅಡ್ವಾನ್ಸ್ ಕೊಟ್ಟಿಲ್ಲ. ಊರ ಮಧ್ಯ ಅನ್ನೋದು ಯಾವತ್ತೂ ಗ್ಯಾರಂಟಿ ಅಲ್ಲ ಅಂತ ಪೇಟೆಯವರು 1898ರಲ್ಲೇ ಕಲಿತಿದ್ದರು. ಮೂವತ್ತು ವರ್ಷದ ಕಟ್ಟಡದ ಸಂಪು, ಪೈಪು, ಬಿರುಕು ನೋಡಲು ಒಬ್ಬ ಎಂಜಿನಿಯರನ್ನು ಕರೆದುಕೊಂಡು ಹೋಗಿದ್ದೆವು. ಅವರ ರಿಪೋರ್ಟು ಇನ್ನೂ ಬರಬೇಕು. ಹೆಂಡತಿ ಮಾತ್ರ ಆ ಫ್ಲ್ಯಾಟಿನ ಬಾಲ್ಕನಿಯ ಅಳತೆ ತಗೊಂಡು ಬಂದಿದ್ದಾಳೆ. ಕುಂಡದಲ್ಲಿ ಕರಿಬೇವು ಬರುತ್ತಂತೆ.

ನೀವೂ ಸೈಟು ನೋಡುತ್ತಿದ್ದರೆ ಹಳ್ಳಿಯೋ ಪೇಟೆಯೋ ಅನ್ನೋ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಅಲ್ಲಿಗೆ ಮೊದಲು ಬಂದದ್ದು ಚರಂಡಿಯಾ, ಜನರಾ ಅಂತ ಕೇಳಿ. ಆಮೇಲೆ ಖಾತಾ, ಇಸಿ, ಮೂಲ ಪತ್ರ ಎಲ್ಲ ವಕೀಲರ ಕೈಗೆ ಕೊಡಿ. ಮತ್ತೆ, ದಯವಿಟ್ಟು, ಒಂದು ಸಲ ಜೋರು ಮಳೆ ಬಂದ ಮಾರನೇ ದಿನ ಹೋಗಿ ನೋಡಿ.