ಅಠಾರಾ ಕಚೇರಿ: ಒಂದು ಹೆಸರಿನ ವಿಚಾರ

ರಾಜ್ಯಾಡಳಿತದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅಧಿಕಾರಿಗಳ ಹೆಸರು, ಕಂದಾಯದ ಮೊತ್ತ, ಕಾಯಿದೆಗಳ ವಿವರ ಇವನ್ನು ಕೊಟ್ಟು ತೃಪ್ತರಾಗುತ್ತಾರೆ. ಆ ಆಡಳಿತವನ್ನು ದಿನದಿನವೂ ನಡೆಸಿದ ಕರಣಿಕರೂ ಗುಮಾಸ್ತರೂ ಎಲ್ಲಿ ಕುಳಿತು ಬರೆದರು, ಕುಳಿತ ಸ್ಥಳವು ಅವರಲ್ಲಿ 'ಇದು ನಮ್ಮದು' ಎಂಬ ಅಭಿಮಾನವನ್ನು ಹುಟ್ಟಿಸಿತೇ ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಮೈಸೂರು ಸಂಸ್ಥಾನದ ಮಟ್ಟಿಗೆ ಒಂದು ಕಟ್ಟಡದ ಹೆಸರು ಈ ಪ್ರಶ್ನೆಯ ಮೇಲೆ ಕೊಂಚ ಬೆಳಕನ್ನು ಚೆಲ್ಲುವಂತಿದೆ.

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿರುವ ಕೆಂಪು ಬಣ್ಣದ ಎರಡಂತಸ್ತಿನ ಕಟ್ಟಡವನ್ನು ಎಲ್ಲರೂ ಬಲ್ಲರು. ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯ ಮೇಲ್ವಿಚಾರಣೆಯಲ್ಲಿ, ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರ ಗುತ್ತಿಗೆಯಲ್ಲಿ ಕಟ್ಟಲ್ಪಟ್ಟ ಈ ಕಟ್ಟಡವು 1868ರಲ್ಲಿ ಮುಗಿಯಿತು. ಸರ್ಕಾರವು ಇದನ್ನು 'ಪಬ್ಲಿಕ್ ಆಫೀಸಸ್' ಎಂದು ಕರೆಯಿತು. ಜನರ ಬಾಯಲ್ಲಿ ನಿಂತದ್ದು ಮಾತ್ರ 'ಅಠಾರಾ ಕಚೇರಿ'. ಹಿಂದೂಸ್ತಾನಿಯಲ್ಲಿ ಅಠಾರಾ ಎಂದರೆ ಹದಿನೆಂಟು. ಹದಿನೆಂಟು ಇಲಾಖೆಗಳು ಇಲ್ಲಿ ಒಟ್ಟುಗೂಡಿದ್ದರಿಂದ ಈ ಹೆಸರು ಬಂದಿತೆಂಬುದು ಪ್ರಚಲಿತವಾದ ವಿವರಣೆ. ಇದು ತಪ್ಪಲ್ಲ, ಆದರೆ ಸಾಲದೆಂದು ನಮಗೆ ತೋರುತ್ತದೆ. ಏಕೆಂದರೆ ಹೆಸರು ಕಟ್ಟಡಕ್ಕಿಂತ ಬಹು ಹಳೆಯದು.

ಚಿಕ್ಕದೇವರಾಜ ಒಡೆಯರು (1673-1704) ತಮ್ಮ ಆಳ್ವಿಕೆಯ ಕೊನೆಯ ಭಾಗದಲ್ಲಿ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರೆಂಬುದು ಪ್ರಸಿದ್ಧವಾಗಿದೆ. ಔರಂಗಜೇಬನ ಬಳಿಗೆ ಹೋಗಿ ಬಂದ ರಾಯಭಾರಿಗಳ ವರದಿಯೇ ಇದಕ್ಕೆ ಪ್ರೇರಣೆಯಾಗಿರಬೇಕೆಂದು ವಿಲ್ಕ್ಸ್ ಊಹಿಸಿದ್ದಾನೆ. ಪ್ರೇರಣೆ ಎಲ್ಲಿಯದೇ ಆಗಲಿ, ಹೆಸರುಗಳು ಅಚ್ಚ ನಾಡಿನವು: ಅರ್ಜಿ ನಿರೂಪಗಳಿಗೆ ನಿರೂಪದ ಚಾವಡಿ, ಲೆಕ್ಕಪತ್ರಗಳಿಗೆ ಆಯಕಟ್ಟಿನ ಚಾವಡಿ, ತೆರಿಗೆಗೆ ಸುಂಕದ ಚಾವಡಿ, ಅರಮನೆಯ ದನಕರುಗಳಿಗೆ ಬೆಣ್ಣೆ ಚಾವಡಿ. ಈ ಕೊನೆಯದೇ ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನಿಸಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು 'ಚಾವಡಿ' ಎಂಬ ಮಾತು. ಚಾವಡಿಯೆಂದರೆ ಕುಳಿತುಕೊಳ್ಳುವ ಸ್ಥಳ. ಆದರೆ ಅದೇ ಮಾತು ಅಲ್ಲಿ ನಡೆಯುವ ಕಾರ್ಯಕ್ಕೂ, ಅದನ್ನು ನಡೆಸುವ ಸಮೂಹಕ್ಕೂ ಸಲ್ಲುತ್ತಿತ್ತು. ಜಮಖಾನದ ಮೇಲೆ ಕುಳಿತು ಕಡತವನ್ನು ಬಿಡಿಸಿ ಬಳಪದಿಂದ ಲೆಕ್ಕ ಬರೆಯುತ್ತಿದ್ದವನನ್ನು ಯಾವ ಚಾವಡಿಯವನೆಂದು ಕೇಳಿದರೆ, ಅವನ ಸ್ಥಳ, ಕೆಲಸ, ಜೊತೆಗಾರರು ಮೂರೂ ಒಂದೇ ಉತ್ತರದಲ್ಲಿ ಬರುತ್ತಿದ್ದುವು. ಇಂದು ನಾವು 'ಇಲಾಖೆ'ಯನ್ನು ಒಂದು ಕಡೆ, 'ಕೊಠಡಿ'ಯನ್ನು ಇನ್ನೊಂದು ಕಡೆ ಇಟ್ಟು ಮಾತನಾಡುತ್ತೇವೆ.

1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನ್ನಿನ ಕೈಗೆ ಹೋದಮೇಲೆ ಕಚೇರಿಗಳು ಬೆಂಗಳೂರು ಕೋಟೆಯಲ್ಲಿದ್ದ ಟಿಪ್ಪುವಿನ ಅರಮನೆಯಲ್ಲಿ ನಡೆದುವು. 1791ರಲ್ಲಿ ಪೂರ್ತಿಯಾದ, ಮರದ ಕಂಬಗಳ ಆ ಮನೆ ಬೇಸಗೆಯ ತಂಪಿಗೆ ಒದಗುವಂಥದು, ದಫ್ತರಗಳಿಗಾಗಿ ಕಟ್ಟಿದ್ದಲ್ಲ. ಬೌರಿಂಗನು 1862ರಲ್ಲಿ ಕಮಿಷನರಾಗಿ ಬಂದು ನಂದಿದುರ್ಗ, ಅಷ್ಟಗ್ರಾಮ, ನಗರ ಎಂಬ ಮೂರು ವಿಭಾಗಗಳನ್ನು ಏರ್ಪಡಿಸಿ ಆಡಳಿತವನ್ನು ವಿಸ್ತರಿಸಿದಾಗ ಹೊಸ ಕಟ್ಟಡ ಅನಿವಾರ್ಯವಾಯಿತು. 1868ರಲ್ಲಿ ಕಚೇರಿಗಳು ಕೋಟೆಯನ್ನು ಬಿಟ್ಟುವು. ಅರಸನ ಮನೆಯಲ್ಲಿ ಒಕ್ಕಲಾಗಿದ್ದವರಿಗೆ ತಮ್ಮ ವೃತ್ತಿಗೆಂದೇ ಕಟ್ಟಿದ ಸೂರು ದೊರೆಯಿತು. ಗ್ರೀಕ್ ರೋಮನ್ ಮಾದರಿಯ ಕಂಬಸಾಲು ಅವರಿಗೆ ಪರಕೀಯವೇ. ಒಳಗಡೆ ಇಂಗ್ಲಿಷ್ ಪದ್ಧತಿ. ಹೀಗಿದ್ದೂ ಅದಕ್ಕೆ ಒಡೆಯರ ಕಾಲದ ಹೆಸರು ಅಂಟಿತು. ಹಳೆಯ ಹದಿನೆಂಟು ಚಾವಡಿಗಳೇ 1868ರವರೆಗೂ ಉಳಿದಿರಲಿಲ್ಲ. ಆದಕಾರಣ 'ಅಠಾರಾ' ಎಂಬುದನ್ನು ಬರಿಯ ಎಣಿಕೆಯೆಂದು ನಾವು ಭಾವಿಸಲಾರೆವು. ಪರರು ಕಟ್ಟಿದ ಮನೆಯನ್ನು ಹಳೆಯ ಹೆಸರಿನಿಂದ ಕರೆದು ತಮ್ಮದಾಗಿಸಿಕೊಂಡ ಬಗೆ ಅದು. ವಾಸ್ತುಶಿಲ್ಪ ಕೊಡಲಾರದ ಆತ್ಮೀಯತೆಯನ್ನು ರೂಢಿ ಕೊಟ್ಟಿತು.

ಎದುರುಬದಿಯ ವಿಧಾನಸೌಧದ ಕಥೆ ಬೇರೆ. 1951ರಲ್ಲಿ ನೆಹರೂರವರು ಅಡಿಗಲ್ಲಿಟ್ಟ ಈ ಕಟ್ಟಡವನ್ನು ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾಗಿ ಹಿಗ್ಗಿಸಿ, ದ್ರಾವಿಡ ಶೈಲಿಯನ್ನು ಕೊಟ್ಟರು. ಅದು 1956ರಲ್ಲಿ ಸಿದ್ಧವಾಯಿತು. ಸಚಿವಾಲಯವು ರಸ್ತೆಯನ್ನು ದಾಟಿತು. ಕೆಂಪು ಕಟ್ಟಡ ಉಚ್ಚನ್ಯಾಯಾಲಯಕ್ಕೆ ಉಳಿಯಿತು. ಇಲ್ಲಿ ಸರ್ಕಾರವಿಟ್ಟ ಹೆಸರನ್ನೇ ಜನ ಒಪ್ಪಿದರು, ಶಿಲ್ಪವೂ ನಾಡಿನದೇ. ಹೊರಮುಖದಲ್ಲಿ ಸರ್ಕಾರದ ಕೆಲಸ ದೇವರ ಕೆಲಸವೆಂಬ ಲಿಪಿ ಇದೆ. ಅದು ಒಳಗೆ ಬರುವ ನೌಕರನಿಗೆ ಹೇಳಿದ ಮಾತೋ, ಹೊರಗೆ ನಿಂತ ಪ್ರಜೆಗೆ ಹೇಳಿದ ಮಾತೋ ಎಂಬುದು ವಿಚಾರಾರ್ಹ. ಚಾವಡಿಯ ಬಾಗಿಲಲ್ಲಿ ಏನನ್ನೂ ಬರೆದಿಡುವ ಅಗತ್ಯವಿರಲಿಲ್ಲ, ಹೆಸರೇ ಸಾಕಾಗಿತ್ತು.

1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಆಲೋಚನೆ ಎದ್ದಾಗ ವಿರೋಧವು ಪ್ರಬಲವಾಗಿ, ವಿಷಯ ನ್ಯಾಯಾಲಯದ ಮುಂದೆಯೇ ಬಂದಿತು. ಹೆಚ್ಚಿನ ಸ್ಥಳವನ್ನು ಹಿಂಬದಿಯಲ್ಲಿ ಕಟ್ಟಿಕೊಳ್ಳಲಾಯಿತು. ಹಳೆಯ ಮನೆ ಹಾಗೆಯೇ ನಿಂತಿತು.