ಬಾವಿ ಉಳಿಸಿಕೊಂಡ ಸರ್ವರ್

ಹಾರೂಗೇರಿ ಕ್ರಾಸ್ ಹತ್ತಿರ 2005ರಲ್ಲಿ ಎಂಟು ಕಂಪ್ಯೂಟರ್ ಇಟ್ಟು ನಾನು ಸೈಬರ್ ಅಂಗಡಿ ತೆರೆದೆ. ಹಗಲೆಲ್ಲ ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು. ಸಂಜೆ ಐದರ ಮೇಲೆ ಕಾಲೇಜು ಹುಡುಗರ ಕೌಂಟರ್-ಸ್ಟ್ರೈಕ್. ಅದಕ್ಕೆ ಇಂಟರ್ನೆಟ್ ಬೇಕಿರಲಿಲ್ಲ. ಮೂಲೆಯ ಕಂಪ್ಯೂಟರೇ ಸರ್ವರ್, ಉಳಿದ ಏಳಕ್ಕೂ ಅಲ್ಲಿಂದ ಕೇಬಲ್ ಎಳೆದಿದ್ದೆ. 2003ರಲ್ಲಿ ಸ್ಟೀಮ್ ಎಂಬ ಆಟಗಳ ವೇದಿಕೆಯ ಜೊತೆಗೆ ಬಂದ 1.6 ವರ್ಷನ್ ನಮ್ಮೂರು ಮುಟ್ಟಿದ್ದು ಗೆಳೆಯನೊಬ್ಬ ಮಿರಜಿನಿಂದ ತಂದ ಸಿಡಿಯಲ್ಲಿ. ಯಾವುದಾದರೂ ಕಂಪ್ಯೂಟರಿನಲ್ಲಿ 1.5 ಉಳಿದಿದ್ದರೆ ಅದರ ಮುಂದೆ ಕೂತ ಹುಡುಗ ಆಟದ ಹೊರಗೆ. ಆಗ ಅಪ್‌ಗ್ರೇಡ್ ಅಂದರೆ ಎಂಟೂ ಕಡೆ ಒಂದೇ ವರ್ಷನ್ ಕೂಡಿಸುವುದು, ಅಷ್ಟೇ. ಹಳೆಯದನ್ನು ಅಳಿಸುವಾಗ ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ. ಆಟ ಮುಗಿದ ಮೇಲೆ ಆ ಸರ್ವರಿನಲ್ಲಿ ಯಾರದ್ದೂ ಏನೂ ಉಳಿಯುತ್ತಿರಲಿಲ್ಲ.

ಮೊಬೈಲ್ ಬಂದ ಮೇಲೆ ಸೈಬರ್ ಧಂದೆ ಸೊರಗಿತು. ಅಂಗಡಿ ಝೆರಾಕ್ಸ್ ಅಂಗಡಿಯಾಯಿತು, ನಾಲ್ಕು ಕಂಪ್ಯೂಟರ್ ಮಾತ್ರ ಉಳಿದವು. 2017ರಲ್ಲಿ ಓಣಿಯ ಹುಡುಗರು ಅವುಗಳಲ್ಲಿ ಚೌಕ ಕಲ್ಲುಗಳಿಂದ ಜಗತ್ತು ಕಟ್ಟುವ ಮೈನ್‌ಕ್ರಾಫ್ಟ್ ಆಟ ಶುರು ಮಾಡಿದರು, ಆಗ ಅದು 1.12. ಆ ಆಟದಲ್ಲಿ ಕಬ್ಬೂ ಇದೆ. ನೀರಿನ ಅಂಚಿಗಷ್ಟೇ ಹತ್ತುತ್ತದೆ, ಮೂರು ಕಲ್ಲಿನೆತ್ತರ ಬೆಳೆದು ನಿಲ್ಲುತ್ತದೆ. ನಮ್ಮ ಸೀಮೆಯ ಮಕ್ಕಳಿಗೆ ಅಷ್ಟು ಸಾಕಾಯಿತು. ಕಾಲುವೆ ತೋಡಿದರು, ಕಬ್ಬು ಹಚ್ಚಿದರು, ಬೆಲ್ಲದ ಗಾಣ ಕಟ್ಟಿದರು. ನಡುವೆ ಒಂದು ಚೌಕದ ಬಾವಿ, ಒಳಗೆ ಸುತ್ತಲೂ ಮೆಟ್ಟಿಲು. ಅರವತ್ತಕ್ಕೂ ಹೆಚ್ಚು ಕಲ್ಲು ಆಳಕ್ಕೆ ಇಳಿದಾಗ ಒಡೆಯಲಾಗದ ಬೆಡ್‌ರಾಕ್ ಸಿಕ್ಕಿ ಅಗೆತ ನಿಂತಿತು.

ಜುಲೈ 2018ರಲ್ಲಿ 1.13 ಬಂತು. ಅದುವರೆಗೆ ಕಲ್ಲು, ಹಲಗೆ, ಉಣ್ಣೆ ಎಲ್ಲವೂ ಒಳಗೆ ನಂಬರುಗಳಾಗಿದ್ದವು. ಕೆಂಪು ಉಣ್ಣೆ ಅಂದರೆ 35:14. ಹೊಸ ವರ್ಷನ್ ಆ ನಂಬರು ತೆಗೆದು ಹೆಸರು ಕೊಟ್ಟಿತು, ಹಾಗಾಗಿ ನೆಲದ ಪ್ರತಿ ತುಂಡನ್ನೂ ಸರ್ವರ್ ಓದಿ ಮತ್ತೆ ಬರೆಯಬೇಕಿತ್ತು. ನಾನು ಕೌಂಟರ್-ಸ್ಟ್ರೈಕ್ ಕಾಲದ ರೂಢಿಯಲ್ಲೇ ಇದ್ದೆ. ನಕಲು ತೆಗೆಯದೆ ಹೊಸ ಫೈಲ್ ಹಾಕಿ ಚಾಲೂ ಮಾಡಿದೆ. ಬರೆಯುವ ಕೆಲಸ ನಡೆದಿರುವಾಗಲೇ ಕರೆಂಟ್ ಹೋಯಿತು.

ಈ ಆಟ ತನ್ನ ಜಗತ್ತನ್ನು 512 ಕಲ್ಲು ಉದ್ದ, ಅಷ್ಟೇ ಅಗಲದ ತುಂಡುಗಳಾಗಿ ಫೈಲುಗಳಲ್ಲಿ ಇಡುತ್ತದೆ. ಕೆಟ್ಟದ್ದು ನಟ್ಟನಡುವಿನ ಫೈಲ್. ಸರ್ವರ್ ಆ ಜಾಗಕ್ಕೆ ಹೊಸ ನೆಲ ಹುಟ್ಟಿಸಿತು. ಕಬ್ಬು ಹಚ್ಚಿದ್ದ ಹುಡುಗಿ ಬಂದು ಪರದೆ ನೋಡಿದಳು. ಅಲ್ಲಿ ಬರೀ ಹುಲ್ಲು, ಎರಡು ಕುರಿ.

"ಕಾಕಾ, ನಮ್ಮ ಬಾವಿ ಎಲ್ಲೈತ್ರಿ?"

ನನ್ನ ತಪ್ಪು ಅಂತ ಅವಳಿಗೆ ಹೇಳಿದೆ. ಮಕ್ಕಳು ಎರಡು ತಿಂಗಳು ಕೂತು ಅದೇ ಜಾಗದಲ್ಲಿ ಅದೇ ಅಳತೆಯ ಬಾವಿ ಮತ್ತೆ ಅಗೆದರು. ಹಳೆಯ ಮೆಟ್ಟಿಲುಗಳ ಲೆಕ್ಕ ಆ ಹುಡುಗಿಗೆ ಬಾಯಿಪಾಠವಿತ್ತು.

ಅಂದಿನಿಂದ ಪ್ರತಿ ರವಿವಾರ ನಕಲು ತೆಗೆಯುತ್ತೇನೆ. ಒಂದು ಪೆನ್‌ಡ್ರೈವಿನಲ್ಲಿ, ಒಂದು ಬೇರೆ ಹಾರ್ಡ್‌ಡಿಸ್ಕಿನಲ್ಲಿ, ಮತ್ತೊಂದು ತಮ್ಮನ ಮನೆಯಲ್ಲಿ. ಸರ್ವರಿಗೊಂದು ಇನ್ವರ್ಟರ್ ಹಾಕಿಸಿದೆ. ಹೊಸ ವರ್ಷನ್ ಬಂದರೆ ಮೊದಲು ಬೇರೆ ಕಂಪ್ಯೂಟರಿನಲ್ಲಿ ನಕಲಿನ ಮೇಲೆ ಓಡಿಸಿ, ಗಾಣದಿಂದ ಬಾವಿಯವರೆಗೆ ನಡೆದು ನೋಡಿ, ಆಮೇಲೆ ಅಸಲಿಗೆ ಕೈ ಹಚ್ಚುವುದು.

ಲಾಕ್‌ಡೌನ್ ದಾಟುವವರೆಗೂ 1.16ರಲ್ಲೇ ಇದ್ದೆವು. ಡಿಸೆಂಬರ್ 2021ರಲ್ಲಿ ಲಾಗ್4ಜೆ ಎಂಬ ಜಾವಾ ಸಾಫ್ಟ್‌ವೇರಿನ ದೋಷ ಬಯಲಿಗೆ ಬಂತು. ಆಟದ ಚಾಟ್‌ನಲ್ಲಿ ಒಂದು ಸಾಲು ಬರೆದು ಹೊರಗಿನವರು ಸರ್ವರನ್ನೇ ವಶ ಮಾಡಿಕೊಳ್ಳಬಹುದಿತ್ತು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳನ್ನು ನಿದ್ದೆಗೆಡಿಸಿದ ಆ ದೋಷ ನಮ್ಮ ಝೆರಾಕ್ಸ್ ಅಂಗಡಿಯ ಮೂಲೆಯಲ್ಲೂ ಇತ್ತು. ಡಿಸೆಂಬರ್ 10ರಂದು ಅದನ್ನು ಸರಿಪಡಿಸಿದ 1.18.1 ಬಿಡುಗಡೆಯಾಯಿತು. ಸುದ್ದಿ ಕೇಳಿದ ಕೂಡಲೇ ಸರ್ವರ್ ಬಂದ್ ಮಾಡಿದೆ.

ನಕಲಿನ ಮೇಲೆ ಹೊಸದನ್ನು ಹಾಕಿದರೆ ಸರ್ವರ್ ಏಳಲೇ ಇಲ್ಲ. ಕಪ್ಪು ಪರದೆಯ ಮೇಲೆ ಎರಡು ಅಂಕಿ: 61.0, 52.0. ಮೊದಲನೆಯದು ಆಟ ಕೇಳುವ ಜಾವಾ 17, ಎರಡನೆಯದು ನನ್ನಲ್ಲಿದ್ದ ಜಾವಾ 8. ಜಾವಾ ಬದಲಿಸಿದ ಮೇಲೆ ಎದ್ದಿತು. ಎಲ್ಲ ಕಡೆ ನಡೆದು ನೋಡಿದೆ, ಕಬ್ಬು ಇತ್ತು, ಗಾಣ ಇತ್ತು. ರಾತ್ರಿ ಅಸಲಿಗೆ ಹಾಕಿದೆ.

ಮರುದಿನ ಸಂಜೆ ಆ ಹುಡುಗಿ ಬಂದಳು. ಎಸ್ಸೆಸ್ಸೆಲ್ಸಿ ವರ್ಷವಾದ್ದರಿಂದ ಬರುವುದು ಕಡಿಮೆಯಾಗಿತ್ತು. ನೇರ ಬಾವಿಗೆ ಇಳಿದಳು, ಮೆಟ್ಟಿಲು ಎಣಿಸುತ್ತ. ತಳ ಮುಟ್ಟಿ ಸುಮ್ಮನೆ ಗುದ್ದಲಿ ಬೀಸಿದಳು.

"ಕಾಕಾ, ತಳದ ಕಲ್ಲ ಕರ್ರಗ ಆಗೇತ್ರಿ. ಒಡ್ಯಾಕತ್ತೈತಿ!"

1.18 ಹಳೆಯ ಜಗತ್ತುಗಳ ಬೆಡ್‌ರಾಕ್ ತೆಗೆದು ಕೆಳಗೆ ಇನ್ನೂ 64 ಕಲ್ಲಿನಷ್ಟು ನೆಲ ಕೂಡಿಸಿತ್ತು. ಎಫ್3 ಒತ್ತಿ ಆಳ ನೋಡಿದೆವು. ಸೊನ್ನೆ. ಇನ್ನೊಂದು ಪೆಟ್ಟು, ಮೈನಸ್ ಒಂದು.

"ಸಾವಕಾಶ ಇಳಿಯವ್ವಾ, ಕೆಳಗ ಲಾವಾ ಇರ್ತೈತಿ" ಅಂದೆ. ಉಳಿದ ಹುಡುಗರು ಟಾರ್ಚ್ ಹಿಡಿದು ಅವಳ ಹಿಂದೆ ಇಳಿಯತೊಡಗಿದ್ದರು. ಅವಳು ಆಗಲೇ ಮುಂದಿನ ಮೆಟ್ಟಿಲು ಕಡಿಯುತ್ತಿದ್ದಳು, ಹಳೆಯ ಅಳತೆಯಲ್ಲೇ.